ನಾಯಿಗೆ ಮ್ಯಾಂಕ್ಸ್ ಭಾಷೆಯಲ್ಲಿ ‘ಮೋದ’: ಅರ್ಥ, ಮೂಲ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಐಲ್ ಆಫ್ ಮ್ಯಾನ್ ಅಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು 1907ರಿಂದ ನಡೆದುಬಂದಿರುವ ಟಿಟಿ ಮೋಟಾರ್‌ಸೈಕಲ್ ರೇಸ್. ಬೆಕ್ಕು ಸಾಕುವವರಿಗಾದರೆ ಬಾಲವಿಲ್ಲದ ಮ್ಯಾಂಕ್ಸ್ ಬೆಕ್ಕು. ಆ ದ್ವೀಪಕ್ಕೆ ತನ್ನದೇ ಒಂದು ಭಾಷೆ ಇದೆ ಎಂಬುದು ಅಷ್ಟಾಗಿ ಕೇಳಿಬರುವುದಿಲ್ಲ. ಆ ಭಾಷೆಯ ಒಂದೇ ಒಂದು ಮನೆಮಾತಿನ ಪದವನ್ನು ಹಿಡಿದು, ಕನ್ನಡದ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ‘ಮೋದ ದೂ’ ಎಂಬ ಕಪ್ಪು ನಾಯಿಯ ಭೂತದ ಕಥೆಗಾಗಿಯೇ ಬಂದವರು ಅರ್ಧ ಪುಟ ಕೆಳಗೆ ಹೋಗಬಹುದು. ಆದರೆ ನನ್ನ ಮಟ್ಟಿಗೆ ಈ ಪದದ ವ್ಯಾಕರಣ ಆ ಭೂತಕ್ಕಿಂತ ಸ್ವಾರಸ್ಯವಾದದ್ದು.

ಮ್ಯಾಂಕ್ಸ್ ಎಂದರೆ ಯಾವ ಭಾಷೆ? ಇಂಗ್ಲಿಷಿನ ಒಂದು ಬಗೆಯೇ?

ಅಲ್ಲ. ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್‌ಗಳ ಒಡಹುಟ್ಟು ಅದು. ಮೂರೂ ಹಳೆಯ ಐರಿಷ್‌ನಿಂದ ಕವಲೊಡೆದವು, ಮೂರನ್ನೂ ಸೇರಿಸಿ ಗೇಲಿಕ್ ಭಾಷೆಗಳು ಎನ್ನುತ್ತಾರೆ. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಐರಿಷ್ ಸಮುದ್ರದಲ್ಲಿ ಸುಮಾರು 572 ಚದರ ಕಿಲೋಮೀಟರಿನ ದ್ವೀಪ ಇದರ ನೆಲೆ. ಅಲ್ಲಿಯವರು ದ್ವೀಪವನ್ನು ‘ಎಲ್ಲನ್ ವ್ಯಾನಿನ್’ ಎಂದೂ ಭಾಷೆಯನ್ನು ‘ಗೇಲ್ಗ್’ ಎಂದೂ ಕರೆಯುತ್ತಾರೆ. ‘ಮ್ಯಾಂಕ್ಸ್’ ಎಂಬ ಹೆಸರು ಬಂದದ್ದು ವೈಕಿಂಗರ ನಾರ್ಸ್ ಭಾಷೆಯಿಂದ.

‘ಮೋದ’ ಎಂದರೆ ಏನು?

ನಾಯಿ. ಊರ ನಾಯಿ, ಸಾಕಿದ ನಾಯಿ, ಕುರಿ ಕಾಯುವ ನಾಯಿ, ಎಲ್ಲಕ್ಕೂ ಸಲ್ಲುವ ದಿನಬಳಕೆಯ ಪದ. ವ್ಯಾಕರಣದಲ್ಲಿ ಪುಲ್ಲಿಂಗ. ಸಂಸ್ಕೃತದಲ್ಲಿ ಸಂತೋಷ ಎಂಬರ್ಥದ ‘ಮೋದ’ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ರೂಪದಲ್ಲಿ ಬಂದು ನಿಲ್ಲುತ್ತವೆ, ಅಷ್ಟೆ.

ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಬೇರೆಯೇ ಥರ ಬರೆಯುತ್ತಾರಲ್ಲ? ಸರಿಯಾದ ಉಚ್ಚಾರ ಯಾವುದು?

ಎಂ, ಓ, ಎರಡು ಡಿ, ಇ, ವೈ. ಇದು ಕಾಗುಣಿತ. ನೋಡಿದವರು ‘ಮೊಡ್ಡಿ’ ಎಂದು ಓದಿಬಿಡುತ್ತಾರೆ. ಉಚ್ಚಾರ ಹಾಗಲ್ಲ. ಮೊದಲಕ್ಷರದ ಸ್ವರ ನಮ್ಮ ‘ಮೋ’ಗೂ ‘ಮಾ’ಗೂ ನಡುವೆ ನಿಲ್ಲುತ್ತದೆ, ಬಾಯಿ ತುಸು ಹೆಚ್ಚು ತೆರೆದ ‘ಮೋ’ ಎನ್ನಬಹುದು. ನಡುವಿನ ವ್ಯಂಜನ, ಇಂಗ್ಲಿಷಿನ ‘ಮದರ್’ ಪದವನ್ನು ಇಂಗ್ಲಿಷರು ಹೇಳುವಾಗ ನಾಲಿಗೆ ಹಲ್ಲುಗಳ ನಡುವೆ ಸವರಿ ಹೋಗುತ್ತದಲ್ಲ, ಆ ಮೆತ್ತನೆಯ ‘ದ’. ಕೊನೆಯದು ಒತ್ತಿಲ್ಲದ ಸಣ್ಣ ‘ಅ’.

ಎರಡು ಡಿ ಬರೆದು ಅದನ್ನು ಹೀಗೆ ಉಚ್ಚರಿಸುವುದಕ್ಕೆ ಕಾರಣವಿದೆ. ಮ್ಯಾಂಕ್ಸ್ ಮಾತಿನಲ್ಲಿ ಎರಡು ಸ್ವರಗಳ ನಡುವೆ ಬಂದ ವ್ಯಂಜನಗಳು ಕಾಲಕ್ರಮದಲ್ಲಿ ಸಡಿಲವಾದವು. ಬರವಣಿಗೆ ಮಾತ್ರ ಹಳೆಯ ಗಟ್ಟಿ ರೂಪದಲ್ಲೇ ಉಳಿಯಿತು. ಜೊತೆಗೆ ಮ್ಯಾಂಕ್ಸ್‌ನ ಕಾಗುಣಿತ ಪದ್ಧತಿಯೇ ಐರಿಷ್‌ನದಲ್ಲ. ಇಂಗ್ಲಿಷ್ ಓದುಬರಹ ಕಲಿತ ಪಾದ್ರಿಗಳು ತಮ್ಮ ಕಿವಿಗೆ ಬಿದ್ದಂತೆ ಕಟ್ಟಿದ್ದು. ಬಿಷಪ್ ಜಾನ್ ಫಿಲಿಪ್ಸ್ 1610ರ ಸುಮಾರಿಗೆ ಪ್ರಾರ್ಥನಾ ಪುಸ್ತಕವನ್ನು ಮ್ಯಾಂಕ್ಸ್‌ಗೆ ತಂದ. ಮೊದಲ ಮುದ್ರಿತ ಪುಸ್ತಕ ಬಂದದ್ದು 1707ರಲ್ಲಿ. 1770ರ ದಶಕದಲ್ಲಿ ಇಡೀ ಬೈಬಲ್ ಮ್ಯಾಂಕ್ಸ್‌ನಲ್ಲಿ ಅಚ್ಚಾದ ಮೇಲೆ ಕಾಗುಣಿತ ಹೆಚ್ಚುಕಡಿಮೆ ನೆಲೆ ನಿಂತಿತು. ಹೀಗಾಗಿ ಐರಿಷ್‌ನ ‘ಮದ್ರ’, ಸ್ಕಾಟಿಷ್ ಗೇಲಿಕ್‌ನ ‘ಮದಗ್’ ಇವುಗಳ ಪಕ್ಕದಲ್ಲಿ ಮ್ಯಾಂಕ್ಸ್ ಪದವನ್ನು ಬರೆದಿಟ್ಟರೆ ನೆಂಟಸ್ತಿಕೆ ಕಣ್ಣಿಗೆ ಕಾಣುವುದಿಲ್ಲ. ಗಟ್ಟಿಯಾಗಿ ಓದಿದರೆ ಕಿವಿಗೆ ತಿಳಿಯುತ್ತದೆ.

ಈ ಪದದ ಮೂಲ ಯಾವುದು?

ಹಳೆಯ ಐರಿಷ್‌ನಲ್ಲಿ ನಾಯಿಗೆ ‘ಮತದ್’, ‘ಮದ್ರದ್’ ಎಂಬ ರೂಪಗಳಿದ್ದವು. ಮ್ಯಾಂಕ್ಸ್‌ನ ಮೋದ ಆ ಕುಟುಂಬದ ಕುಡಿ. ಗೇಲಿಕ್ ಭಾಷೆಗಳಾಚೆಗೆ ಈ ಪದದ ಜಾಡು ತೆಳುವಾಗುತ್ತದೆ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್, ಗೇಲಿಕ್ ಎಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯಿಂದ ಬಂದ ನಾಯಿಯ ಹೆಸರು ಇದಲ್ಲ, ಆಮೇಲೆ ಮನೆಯೊಳಗೆ ಬಂದ ಹೆಸರು.

ಹಾಗಾದರೆ ಮೂಲದ ನಾಯಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಮ್ಯಾಂಕ್ಸ್‌ನಲ್ಲಿ ‘ಕೂ’ ಎಂಬ ಇನ್ನೊಂದು ಪದವಿದೆ. ಇಂದಿನ ಅರ್ಥ ಬೇಟೆನಾಯಿ. ಐರಿಷ್ ಪುರಾಣದ ವೀರ ಕೂ ಹುಲಿನ್‌ನ ಹೆಸರಿನ ಮೊದಲ ಭಾಗ ಇದೇ. ‘ಕುಲಾನ್‌ನ ಬೇಟೆನಾಯಿ’ ಎಂದು ಆ ಹೆಸರಿನ ಅರ್ಥ. ವೆಲ್ಷ್ ಭಾಷೆಯಲ್ಲಿ ನಾಯಿಗೆ ಇಂದಿಗೂ ‘ಕಿ’. ವೆಲ್ಷ್, ಗೇಲಿಕ್ ಮೊದಲಾದವು ಸೇರಿದ ಕೆಲ್ಟಿಕ್ ಭಾಷೆಗಳಿಗೆ ಹಿರಿಯರಿಂದ ಬಂದ ಆಸ್ತಿ ಈ ಪದ. ಗೇಲಿಕ್ ಕವಲಿನಲ್ಲಿ ಅದು ಬೇಟೆಗಷ್ಟೇ ಸೀಮಿತವಾಗಿ, ಹೊಸ್ತಿಲಲ್ಲಿ ಮಲಗುವ ಸಾಮಾನ್ಯ ನಾಯಿಯ ಜಾಗಕ್ಕೆ ಮೋದ ಮತ್ತು ಅದರ ಬಂಧುಗಳು ಬಂದವು.

ಇದು ಗೇಲಿಕ್‌ಗೆ ಮಾತ್ರ ಆದದ್ದಲ್ಲ. ಇಂಗ್ಲಿಷಿನಲ್ಲಿ ಹಿಂದೆ ಎಲ್ಲ ನಾಯಿಗೂ ‘ಹೌಂಡ್’ ಎನ್ನುತ್ತಿದ್ದರು. ಆಮೇಲೆ ‘ಡಾಗ್’ ಬಂದು ಹೌಂಡನ್ನು ಬೇಟೆಯ ಮೂಲೆಗೆ ಸರಿಸಿತು. ಸ್ಪ್ಯಾನಿಷ್‌ನಲ್ಲಿ ಲ್ಯಾಟಿನ್ನಿನಿಂದ ಬಂದ ಪದವನ್ನು ‘ಪೆರ್ರೊ’ ಹಿಂದಕ್ಕೆ ತಳ್ಳಿತು. ಹಿಂದಿಯಲ್ಲಿ ‘ಕುತ್ತಾ’ ನಿಂತಿರುವುದೂ ಹಳೆಯ ಪದದ ಜಾಗದಲ್ಲೇ. ಇಷ್ಟೊಂದು ಭಾಷೆಗಳು ಬೇರೆಬೇರೆಯಾಗಿ ನಾಯಿಯ ಹೆಸರನ್ನು ಹೊಸದು ಮಾಡಿಕೊಂಡಿವೆ. ಮನುಷ್ಯರು ದಿನವೂ ಪ್ರೀತಿಯಿಂದಲೋ ಸಿಟ್ಟಿನಿಂದಲೋ ಕೂಗಿ ಕರೆಯುವ ಪ್ರಾಣಿ ಇದು. ಆಡುಮಾತಿನ, ಮುದ್ದಿನ, ಬೈಗುಳದ ಹೆಸರುಗಳು ಇದಕ್ಕೆ ಬೇಗ ಅಂಟಿಕೊಳ್ಳುತ್ತವೆ, ಅವೇ ಮುಂದೆ ನಿಘಂಟಿನ ಪದವಾಗುತ್ತವೆ ಎಂದು ನನಗನ್ನಿಸುತ್ತದೆ.

‘ಕೂ’ ಮತ್ತು ನಮ್ಮ ‘ಶ್ವಾನ’ ಒಂದೇ ಮೂಲದವು ಎನ್ನುತ್ತಾರೆ. ನಿಜವೇ?

ನಿಜ. ಸಂಸ್ಕೃತದ ‘ಶ್ವನ್’, ಗ್ರೀಕ್‌ನ ‘ಕುಓನ್’, ಲ್ಯಾಟಿನ್ನಿನ ‘ಕಾನಿಸ್’, ಇಂಗ್ಲಿಷಿನ ‘ಹೌಂಡ್’, ವೆಲ್ಷ್‌ನ ‘ಕಿ’, ಮ್ಯಾಂಕ್ಸ್‌ನ ‘ಕೂ’ ಎಲ್ಲವೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಬಂದವು. ಮೂಲದ ‘ಕ್’ ಧ್ವನಿ ಪಶ್ಚಿಮದ ಈ ಭಾಷೆಗಳಲ್ಲಿ ಬಹುಪಾಲು ‘ಕ್’ ಆಗಿಯೇ ಉಳಿದು, ಸಂಸ್ಕೃತದಲ್ಲಿ ‘ಶ್’ ಆಯಿತು, ಇಂಗ್ಲಿಷಿನಲ್ಲಿ ‘ಹ್’ ಆಯಿತು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಶ್ವಾನ’ ನಮ್ಮಲ್ಲಿ ಪೊಲೀಸರ ಶ್ವಾನದಳದಲ್ಲಿ, ಪತ್ರಿಕೆಯ ತಲೆಬರಹದಲ್ಲಿ ಉಳಿದಿದೆ. ಬೀದಿಯಲ್ಲಿ ಓಡಾಡುವುದು ಅಚ್ಚ ದ್ರಾವಿಡದ ‘ನಾಯಿ’, ತುಳುವಿನಲ್ಲೂ ತಮಿಳಿನಲ್ಲೂ ಬಂಧುಗಳಿರುವ ಪದ. ಅಲ್ಲಿಯೂ ಇಲ್ಲಿಯೂ ಮನೆಬಾಗಿಲ ನಾಯಿಗೆ ಒಂದು ಹೆಸರು, ಕೆಲಸಕ್ಕೆ ತಯಾರಾದ ನಾಯಿಗೆ ಇನ್ನೊಂದು. ಕಾರಣಗಳು ಬೇರೆ: ಮ್ಯಾಂಕ್ಸ್‌ನಲ್ಲಿ ಪಿತ್ರಾರ್ಜಿತ ಪದವೇ ಪಕ್ಕಕ್ಕೆ ಸರಿಯಿತು, ಕನ್ನಡದಲ್ಲಿ ಪಿತ್ರಾರ್ಜಿತ ಪದ ಬೀದಿಯಲ್ಲೇ ಇದ್ದು ಎರವಲು ಪದ ಗದ್ದುಗೆ ಏರಿತು.

ಕೆಲವೊಮ್ಮೆ ‘ವೋದ’ ಎಂದು ಕೇಳಿಸುತ್ತದೆ. ಅದು ಬೇರೆ ಪದವೇ?

ಬೇರೆಯಲ್ಲ, ಅದೇ ನಾಯಿ. ಗೇಲಿಕ್ ಭಾಷೆಗಳನ್ನು ಹೊಸದಾಗಿ ಕಲಿಯುವವರು ಕಂಗಾಲಾಗುವುದು ಇಲ್ಲಿಯೇ. ಹಿಂದೆ ಯಾವ ಪದ ಬಂದಿದೆ ಎಂಬುದರ ಮೇಲೆ ಮುಂದಿನ ಪದದ ಮೊದಲಕ್ಷರವೇ ಬದಲಾಗುತ್ತದೆ. ‘ನನ್ನ ನಾಯಿ’ ಎನ್ನಲು ‘ಮ ವೋದ’. ‘ಎರಡು ನಾಯಿ’ ಎನ್ನಲು ‘ದೇ ವೋದ’. ಎರಡು ಎಂದ ಮೇಲೆ ಏಕವಚನವೇ ಸಾಕು, ನಾವು ‘ಎರಡು ನಾಯಿ ಬಂದವು’ ಎನ್ನುವುದಿಲ್ಲವೇ? ನಿಘಂಟಿನಲ್ಲಿ ‘ವ’ ಅಕ್ಷರದಡಿ ಹುಡುಕಿದರೆ ಪದ ಸಿಗದೆ ಹೋಗಬಹುದು, ‘ಮ’ಗೆ ಹಿಂದಿರುಗಬೇಕು.

ಕನ್ನಡ ಶಾಲೆಯಲ್ಲಿ ಆದೇಶ ಸಂಧಿ ಓದಿದವರು ಇದಕ್ಕೆ ಹೆದರಬೇಕಿಲ್ಲ. ಮೆಲ್ ಮತ್ತು ಮಾತು ಸೇರಿ ‘ಮೆಲ್ವಾತು’, ನೆಲೆ ಮತ್ತು ಮನೆ ಸೇರಿ ‘ನೆಲೆವನೆ’. ಉತ್ತರಪದದ ಪ, ಬ, ಮಗಳ ಜಾಗಕ್ಕೆ ‘ವ’ ಬರುವ ಈ ನಿಯಮವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಮ್ಯಾಂಕ್ಸ್‌ನಲ್ಲೂ ‘ಮ’ ಸಡಿಲಗೊಂಡರೆ ‘ವ’ ಆಗುತ್ತದೆ. ಎರಡು ಭಾಷೆಗಳಿಗೆ ರಕ್ತಸಂಬಂಧವಿಲ್ಲ. ತುಟಿ ಮುಚ್ಚಿ ಹೇಳುವ ಧ್ವನಿ ಸ್ವರದ ನೆರೆಯಲ್ಲಿ ಸಡಿಲವಾದರೆ ‘ವ’ ಆಗುವುದು ಸಹಜ, ಮನುಷ್ಯನ ಬಾಯಿ ಎಲ್ಲ ಕಡೆಯೂ ಒಂದೇ. ಕನ್ನಡದಲ್ಲಿ ಇದು ಸಮಾಸದೊಳಗೆ, ಅದೂ ಹೆಚ್ಚಾಗಿ ಹಳೆಯ ಭಾಷೆಯಲ್ಲಿ ಉಳಿದಿದೆ. ಮ್ಯಾಂಕ್ಸ್‌ನಲ್ಲಿ ಇಡೀ ವ್ಯಾಕರಣವೇ ಇದರ ಮೇಲೆ ನಿಂತಿದೆ.

‘ಅವನ ನಾಯಿ’, ‘ಅವಳ ನಾಯಿ’ ಎರಡಕ್ಕೂ ಒಂದೇ ಸರ್ವನಾಮವಂತೆ. ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಈ ಪುಟದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ‘ಎ ವೋದ’ ಎಂದರೆ ಅವನ ನಾಯಿ. ‘ಎ ಮೋದ’ ಎಂದರೆ ಅವಳ ನಾಯಿ. ‘ಎ’ ಒಂದೇ. ನಾಯಿಯ ಮೊದಲಕ್ಷರವನ್ನು ನೋಡಿ ಯಜಮಾನ ಗಂಡೋ ಹೆಣ್ಣೋ ಎಂದು ತಿಳಿಯಬೇಕು!

ಕಾರಣ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಪ್ರಾಚೀನ ಕೆಲ್ಟಿಕ್‌ನಲ್ಲಿ ‘ಅವನ’ ಎಂಬುದು ‘ಎಸ್ಯೊ’ ಎಂದು ಸ್ವರದಲ್ಲಿ ಮುಗಿಯುತ್ತಿತ್ತು, ‘ಅವಳ’ ಎಂಬುದು ‘ಎಸ್ಯಾಸ್’ ಎಂದು ಸಕಾರದಲ್ಲಿ ಮುಗಿಯುತ್ತಿತ್ತು. ‘ಅವನ ನಾಯಿ’ ಎಂದಾಗ ಮುಂದಿನ ಪದದ ‘ಮ’ ಎರಡು ಸ್ವರಗಳ ನಡುವೆ ಸಿಕ್ಕಿ ‘ವ’ ಆಯಿತು. ‘ಅವಳ ನಾಯಿ’ ಎಂದಾಗ ನಡುವೆ ಸಕಾರ ಅಡ್ಡ ನಿಂತು ‘ಮ’ವನ್ನು ಕಾಪಾಡಿತು. ಆಮೇಲೆ ಎರಡೂ ಸರ್ವನಾಮಗಳು ಸವೆದು ಸವೆದು ಬರಿಯ ‘ಎ’ ಆದವು. ಸವೆದುಹೋದ ಅಕ್ಷರಗಳ ಗುರುತು ಮಾತ್ರ ಮುಂದಿನ ಪದದ ಮೇಲೆ ಉಳಿಯಿತು.

ಸಂಸ್ಕೃತ ಓದಿದವರಿಗೆ ಆ ಹಳೆಯ ಸರ್ವನಾಮಗಳು ಪರಿಚಿತವೇ: ‘ಅಸ್ಯ’ ಎಂದರೆ ಇವನ, ‘ಅಸ್ಯಾಃ’ ಎಂದರೆ ಇವಳ. ಅವೇ ರೂಪಗಳು. ಮ್ಯಾಂಕ್ಸ್ ಕಳೆದುಕೊಂಡ ಕೊನೆಯಕ್ಷರ ಸಂಸ್ಕೃತದ ವಿಸರ್ಗದಲ್ಲಿ ಇನ್ನೂ ಉಸಿರಾಡುತ್ತಿದೆ.

‘ನನಗೆ ನಾಯಿ ಇದೆ’ ಎಂದು ಹೇಳುವುದು ಹೇಗೆ?

‘ತಾ ಮೋದ ಎಮ್.’ ಪದಶಃ ನೋಡಿದರೆ ‘ಇದೆ ನಾಯಿ ನನ್ನ ಹತ್ತಿರ’. ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಮ್ಯಾಂಕ್ಸ್‌ನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ನಾವು ‘ನನ್ನ ಹತ್ತಿರ ಇದೆ’ ಎನ್ನುವ ಜಾಗದಲ್ಲಿ ಅವರೂ ‘ಹತ್ತಿರ’ ಎನ್ನುತ್ತಾರೆ. ಕ್ರಿಯಾಪದ ಮಾತ್ರ ನಮ್ಮಂತೆ ಕೊನೆಗೆ ಬರುವ ಬದಲು ಮೊದಲೇ ಬರುತ್ತದೆ. ‘ವೆಲ್ ಮೋದ ಎಡ್?’ ಎಂದರೆ ‘ನಿನ್ನ ಹತ್ತಿರ ನಾಯಿ ಇದೆಯಾ?’ ಉತ್ತರ ‘ತಾ’, ಅಂದರೆ ‘ಇದೆ’. ಅಥವಾ ‘ಹ ನೆಲ್’, ಅಂದರೆ ‘ಇಲ್ಲ’. ‘ಯೆಸ್’, ‘ನೋ’ ಎಂಬ ಪ್ರತ್ಯೇಕ ಪದಗಳ ಹಂಗಿಲ್ಲದೆ ಕ್ರಿಯಾಪದದಲ್ಲೇ ಉತ್ತರಿಸುವ ಈ ರೀತಿ ಕನ್ನಡಿಗರಿಗೆ ಮೊದಲ ದಿನವೇ ಒಗ್ಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಇದಕ್ಕೆ ಅಭ್ಯಾಸ ಬೇಕು.

ಮೋದ ಸೇರಿ ಆದ ಬೇರೆ ಪದಗಳಿವೆಯೇ?

ಇವೆ. ‘ಉಷ್ಟ್ಯ’ ಎಂದರೆ ನೀರು. ‘ಮೋದ ಉಷ್ಟ್ಯ’ ಎಂದರೆ ನೀರುನಾಯಿ. ನಾವು ಕಾವೇರಿಯಲ್ಲಿ, ತುಂಗಭದ್ರೆಯಲ್ಲಿ ಕಾಣುವ ಪ್ರಾಣಿಯ ಬಳಗಕ್ಕೆ ಕನ್ನಡ ಯಾವ ಹೆಸರು ಕೊಟ್ಟಿತೋ ಗೇಲಿಕ್ ಭಾಷೆಗಳೂ ಅದನ್ನೇ ಕೊಟ್ಟಿವೆ, ಐರಿಷ್‌ನಲ್ಲೂ ಅದು ನೀರಿನ ನಾಯಿಯೇ. (ಈ ‘ಉಷ್ಟ್ಯ’ದ ಸ್ಕಾಟಿಷ್ ರೂಪದಿಂದ ‘ವಿಸ್ಕಿ’ ಎಂಬ ಹೆಸರು ಬಂತು, ಪೂರ್ತಿ ಹೇಳಿದರೆ ‘ಜೀವಜಲ’.)

‘ಮೋದ ಓಲ್ದ’ ಎಂಬಲ್ಲಿ ಮಾತ್ರ ಎಚ್ಚರ ಬೇಕು. ಪದಶಃ ಕಾಡುನಾಯಿ. ಕನ್ನಡದಲ್ಲಿ ಕಾಡುನಾಯಿ ಎಂದರೆ ಬಂಡೀಪುರ, ನಾಗರಹೊಳೆಯ ಸೀಳುನಾಯಿ. ಮ್ಯಾಂಕ್ಸ್‌ನಲ್ಲಿ ಅದರ ಅರ್ಥ ತೋಳ. ‘ಮೋದ ಕೇರಖ್’ ಕುರಿನಾಯಿ. ಗುಡ್ಡಗಳ ಮೇಲೆ ಕುರಿ ಮೇಯಿಸುವ ದ್ವೀಪದಲ್ಲಿ ಇದು ದಿನವೂ ಬೇಕಾಗುವ ಪದ. ನಾಯಿಮರಿಗೆ ಬೇರೆಯೇ ಹೆಸರಿದೆ, ‘ಕ್ವಾಲ್ಯನ್’.

‘ಮೋದ ದೂ’ ಎಂಬ ಕಪ್ಪು ನಾಯಿಯ ಕಥೆ ಏನು?

‘ದೂ’ ಎಂದರೆ ಕಪ್ಪು. ದ್ವೀಪದ ಪಶ್ಚಿಮ ತೀರದಲ್ಲಿ ಪೀಲ್ ಎಂಬ ಮೀನುಗಾರರ ಪಟ್ಟಣವಿದೆ. ಅದರ ಎದುರಿನ ಸೇಂಟ್ ಪ್ಯಾಟ್ರಿಕ್ಸ್ ಐಲ್ ಎಂಬ ಪುಟ್ಟ ನಡುಗಡ್ಡೆಯ ಮೇಲೆ ಹಳೆಯ ಕೋಟೆ, ಕೋಟೆಯೊಳಗೆ ಸೇಂಟ್ ಜರ್ಮನ್ ಹೆಸರಿನ ಪಾಳುಬಿದ್ದ ಕೆಥೆಡ್ರಲ್. ಕಥೆ ನಡೆಯುವುದು ಅಲ್ಲಿ, 17ನೇ ಶತಮಾನದ ಉತ್ತರಾರ್ಧದಲ್ಲಿ. ಅದನ್ನು ಬರೆದಿಟ್ಟವನು ಜಾರ್ಜ್ ವಾಲ್ಡ್ರನ್ ಎಂಬ ಇಂಗ್ಲಿಷ್ ಅಧಿಕಾರಿ. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1731ರಲ್ಲಿ.

ಕೋಟೆಯ ಕಾವಲುಕೋಣೆಯಲ್ಲಿ ಸಂಜೆ ದೀಪ ಹಚ್ಚುತ್ತಿದ್ದಂತೆ ಗುಂಗುರು ಕೂದಲಿನ ದೊಡ್ಡ ಕಪ್ಪು ಸ್ಪೇನಿಯಲ್ ಜಾತಿಯ ನಾಯಿಯೊಂದು ಬಂದು ಬೆಂಕಿಯ ಮುಂದೆ ಮಲಗುತ್ತಿತ್ತು. ಯಾರಿಗೂ ಏನೂ ಮಾಡುತ್ತಿರಲಿಲ್ಲ. ಸೈನಿಕರಿಗೆ ಕ್ರಮೇಣ ಭಯ ಕಡಿಮೆಯಾಯಿತು. ಆದರೂ ಅದು ದುಷ್ಟಶಕ್ತಿಯೆಂದೂ ತಪ್ಪಿಗಾಗಿ ಕಾಯುತ್ತಿದೆಯೆಂದೂ ನಂಬಿ, ಅದರ ಎದುರಿಗೆ ಕೆಟ್ಟ ಮಾತಾಡುವುದನ್ನು ಬಿಟ್ಟಿದ್ದರು. ರಾತ್ರಿ ಕೋಟೆಯ ಬಾಗಿಲು ಹಾಕಿ ಬೀಗದ ಕೈಗಳನ್ನು ನಾಯಕನಿಗೆ ಒಪ್ಪಿಸಲು ಚರ್ಚಿನ ಮೂಲಕ ಒಂದು ಓಣಿ ದಾಟಬೇಕಿತ್ತು. ನಾಯಿ ಬರುತ್ತಿದ್ದದ್ದೂ ಹೋಗುತ್ತಿದ್ದದ್ದೂ ಆ ಓಣಿಯಿಂದಲೇ. ಹಾಗಾಗಿ ಯಾರೂ ಒಬ್ಬರೇ ಹೋಗಬಾರದು, ಇಬ್ಬಿಬ್ಬರು ಹೋಗಬೇಕೆಂದು ಮಾಡಿಕೊಂಡಿದ್ದರು. ಒಂದು ರಾತ್ರಿ ಕುಡಿದ ಸೈನಿಕನೊಬ್ಬ, ಅದು ನಾಯಿಯೋ ದೆವ್ವವೋ ನೋಡೇಬಿಡುತ್ತೇನೆಂದು ಸರದಿ ತನ್ನದಲ್ಲದಿದ್ದರೂ ಬೀಗದ ಕೈ ಕಸಿದುಕೊಂಡು ಒಬ್ಬನೇ ಹೋದ. ಸ್ವಲ್ಪ ಹೊತ್ತಿಗೆ ಭಾರಿ ಸದ್ದು ಕೇಳಿಸಿತು. ಹಿಂದಿರುಗಿ ಬಂದಾಗ ಅಮಲು ಇಳಿದಿತ್ತು, ಮಾತು ನಿಂತಿತ್ತು. ಸನ್ನೆಯಿಂದಲಾದರೂ ಹೇಳೆಂದು ಬೇಡಿಕೊಂಡರೂ ಹೇಳಲಿಲ್ಲ. ಮೂರು ದಿನ ನರಳಿ ಸತ್ತ. ಆ ಓಣಿಯನ್ನು ಮುಚ್ಚಿ ಬೇರೆ ದಾರಿ ಮಾಡಲಾಯಿತು, ನಾಯಿ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರ್, ಈಸ್ಟ್ ಆಂಗ್ಲಿಯಾ ಕಡೆಯೂ ಕಪ್ಪು ನಾಯಿಯ ಭೂತಗಳಿವೆ. ಅವು ಹೆಚ್ಚಾಗಿ ದಾರಿಯಲ್ಲಿ, ಸ್ಮಶಾನದಲ್ಲಿ ಎದುರಾಗುವಂಥವು. ಪೀಲ್‌ನದು ಸೈನಿಕರ ನಡುವೆ ಬೆಂಕಿ ಕಾಯಿಸುತ್ತ ಮಲಗುತ್ತಿದ್ದ ನಾಯಿ. ಅದನ್ನು ಹುಲಿಯಷ್ಟು ಎತ್ತರ ಮಾಡಿ, ಕಣ್ಣಿಗೆ ಕೆಂಡ ಹಚ್ಚಿ ಹೇಳುವವರು ಕಥೆಯ ಜೀವವನ್ನೇ ತೆಗೆಯುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಹೆಸರು ‘ಮಾದ್ ಡೂಗ್’, ‘ಮಾಂಥ ಡಾಗ್’ ಎಂದೆಲ್ಲ ಇದೆಯಲ್ಲ?

ಒಂದೇ ಹೆಸರಿನ ಎರಡು ಅಪಭ್ರಂಶಗಳು ಅವು. ವಾಲ್ಡ್ರನ್ ತನಗೆ ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ. ಅವನು ನಡುವೆ ಡಿ ಹಾಕದೆ ಟಿ, ಎಚ್ ಹಾಕಿದ್ದಾನೆ. ಎಂದರೆ 18ನೇ ಶತಮಾನದ ಆರಂಭದಲ್ಲೇ ಜನರ ಬಾಯಲ್ಲಿ ಆ ‘ದ’ ಮೆತ್ತಗಾಗಿತ್ತು ಎಂಬುದಕ್ಕೆ ಇದು ಪುರಾವೆ. ಪಂಡಿತನಲ್ಲದವನ ಕಿವಿ ಕೆಲವೊಮ್ಮೆ ಪಂಡಿತರ ಕಾಗುಣಿತಕ್ಕಿಂತ ಹೆಚ್ಚು ಹೇಳುತ್ತದೆ.

ಆಮೇಲೆ ವಾಲ್ಟರ್ ಸ್ಕಾಟ್ ಈ ಕಥೆಯನ್ನು ಕೈಗೆತ್ತಿಕೊಂಡ. 1805ರ ತನ್ನ ಕಾವ್ಯದಲ್ಲಿ ಅದನ್ನು ನೆನೆದ, ‘ಪೆವೆರಿಲ್ ಆಫ್ ದ ಪೀಕ್’ ಕಾದಂಬರಿಯಲ್ಲಿ ಬಳಸಿದ. ಅಲ್ಲಿ ಸ್ಪೇನಿಯಲ್ ಹೋಗಿ ಮ್ಯಾಸ್ಟಿಫ್ ಬಂತು; ‘ಮಾದ್’ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿದ್ದ ಯು ಅಕ್ಷರದ ಜಾಗಕ್ಕೆ ಎನ್ ಬಂದು ಅದು ‘ಮಾಂಥ’ ಆಯಿತು; ‘ಡೂಗ್’ ಹೋಗಿ ‘ಡಾಗ್’ ಆಯಿತು. ಕೊನೆಯ ಬದಲಾವಣೆ ಗಮನಿಸಿ. ಆ ಜಾಗದಲ್ಲಿದ್ದದ್ದು ಕಪ್ಪು ಎಂಬ ಪದ. ಅದು ಇಂಗ್ಲಿಷಿನ ನಾಯಿಯಾಗಿ, ಹೆಸರಿನಲ್ಲಿ ಎರಡು ನಾಯಿ ಸೇರಿಕೊಂಡವು, ಕಪ್ಪು ಮಾಯವಾಯಿತು. ಇಂದು ದ್ವೀಪದವರು ಮತ್ತೆ ‘ಮೋದ ದೂ’ ಎಂದೇ ಬರೆಯುತ್ತಾರೆ, ಅದೇ ಸರಿ.

‘ದೂ’ ಬೇರೆಲ್ಲಾದರೂ ಕಾಣಸಿಗುತ್ತದೆಯೇ?

ದ್ವೀಪದ ರಾಜಧಾನಿ ಡಗ್ಲಸ್‌ನ ಹೆಸರಿನಲ್ಲಿದೆ. ಮ್ಯಾಂಕ್ಸ್‌ನಲ್ಲಿ ಆ ಊರು ‘ಡೂಲಿಶ್’, ಅರ್ಥ ಕಪ್ಪು ಹೊಳೆ. ಐರ್ಲೆಂಡಿನ ಡಬ್ಲಿನ್ ‘ಕಪ್ಪು ಮಡು’. ಪದ ಒಂದೇ.

ಮ್ಯಾಂಕ್ಸ್ ಸತ್ತ ಭಾಷೆ ಎಂದು ಓದಿದ ನೆನಪು. ಈ ಪದವನ್ನು ಇಂದು ಯಾರಾದರೂ ಆಡುತ್ತಾರೆಯೇ?

ಆಡುತ್ತಾರೆ, ಮಕ್ಕಳೂ ಆಡುತ್ತಾರೆ.

ಇಳಿಮುಖ ಭೀಕರವಾಗಿಯೇ ಇತ್ತು. 1874ರಲ್ಲಿ ಹೆನ್ರಿ ಜೆನ್ನರ್ ನಡೆಸಿದ ಸಮೀಕ್ಷೆ 12,340 ಮಂದಿ ಮ್ಯಾಂಕ್ಸ್ ಆಡುತ್ತಾರೆಂದು ಅಂದಾಜು ಮಾಡಿತು. 1901ರ ಜನಗಣತಿಯಲ್ಲಿ ಅದು 4,419. 1961ರಲ್ಲಿ 165. ತಂದೆತಾಯಿಯರು ಮಕ್ಕಳ ಮುಂದೆ ಇಂಗ್ಲಿಷನ್ನೇ ಆಡತೊಡಗಿದರು; ಮ್ಯಾಂಕ್ಸ್‌ನಿಂದ ಹೊಟ್ಟೆ ತುಂಬುವುದಿಲ್ಲ ಎಂಬ ಮಾತು ಮನೆಮನೆಯಲ್ಲಿತ್ತು. ಈ ಮಾತನ್ನು ಕನ್ನಡ, ತುಳು, ಕೊಡವ, ಕೊಂಕಣಿ ಮನೆಗಳಲ್ಲೂ ನಾವು ಕೇಳುತ್ತಿದ್ದೇವೆ. ಅದು ಹಾಗೆ ಹಗುರವಾಗಿ ಆಡಿಬಿಡುವ ಮಾತಲ್ಲ. ತಾಯಿಮಾತಾಗಿ ಮ್ಯಾಂಕ್ಸ್ ಆಡುತ್ತ ಬೆಳೆದ ಹಳೆಯ ತಲೆಮಾರಿನ ಕೊನೆಯವನೆಂದು ಪರಿಗಣಿಸಲಾದ ಮೀನುಗಾರ ನೆಡ್ ಮ್ಯಾಡ್ರೆಲ್ 1974ರ ಡಿಸೆಂಬರ್ 27ರಂದು ತೀರಿಕೊಂಡ.

ಆದರೆ ಅಷ್ಟರಲ್ಲಿ ಅವನಂಥ ಹಿರಿಯರ ಮನೆಗೆ ಹೋಗಿ ಕೂತು, ಕೇಳಿ ಕೇಳಿ ಭಾಷೆ ಕಲಿತ ಯುವಕರ ಗುಂಪೊಂದು ತಯಾರಾಗಿತ್ತು. ಸರಪಳಿ ಪೂರ್ತಿ ಕಡಿಯಲಿಲ್ಲ. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ‘ಬುನ್‌ಸ್ಕೋಲ್ ಗೇಲ್ಗಾಖ್’ ಆರಂಭವಾಯಿತು, ಈಗ ಸೇಂಟ್ ಜಾನ್ಸ್ ಎಂಬ ಊರಿನಲ್ಲಿದೆ. 2009ರಲ್ಲಿ ಯುನೆಸ್ಕೋ ತನ್ನ ಅಪಾಯದಂಚಿನ ಭಾಷೆಗಳ ನಕಾಶೆಯಲ್ಲಿ ಮ್ಯಾಂಕ್ಸ್ ಅನ್ನು ಅಳಿದ ಭಾಷೆ ಎಂದು ಗುರುತಿಸಿತು. ಆ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲೇ ಪತ್ರ ಬರೆದು, ನಮ್ಮ ಭಾಷೆ ಅಳಿದಿದ್ದರೆ ನಾವು ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು ಕೇಳಿದರು. ಯುನೆಸ್ಕೋ ತಿದ್ದಿಕೊಂಡು ಮ್ಯಾಂಕ್ಸ್ ಅನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ವರ್ಗಕ್ಕೆ ಸೇರಿಸಿತು. (ನಮ್ಮ ತುಳು, ಕೊಡವ ಭಾಷೆಗಳೂ ಆ ನಕಾಶೆಯಲ್ಲಿವೆ.) 2011ರ ಜನಗಣತಿಯಲ್ಲಿ 1,823 ಮಂದಿ ತಮಗೆ ಮ್ಯಾಂಕ್ಸ್ ಬರುತ್ತದೆಂದು ಹೇಳಿಕೊಂಡರು.

ಹಳೆಯ ಮಾತುಗಾರರ ಬಾಯಲ್ಲಿ ಮ್ಯಾಂಕ್ಸ್ ಕೇಳಲು ಸಾಧ್ಯವೇ? ಕಲಿಯುವುದು ಎಲ್ಲಿ?

ಸಾಧ್ಯ. 1947ರಲ್ಲಿ ದ್ವೀಪಕ್ಕೆ ಬಂದ ಐರ್ಲೆಂಡಿನ ನಾಯಕ ಎಮನ್ ಡಿ ವಲೆರಾ, ಧ್ವನಿಮುದ್ರಣಕ್ಕೆ ಸರಿಯಾದ ಸಲಕರಣೆ ಅಲ್ಲಿಲ್ಲವೆಂದು ತಿಳಿದು, ಮರುವರ್ಷ ಐರಿಷ್ ಜಾನಪದ ಆಯೋಗದಿಂದ ಕೆವಿನ್ ಡ್ಯಾನಹರ್ ಅವರನ್ನು ಯಂತ್ರದೊಡನೆ ಕಳಿಸಿಕೊಟ್ಟರು. ಆ ಧ್ವನಿಮುದ್ರಿಕೆಗಳು ಉಳಿದಿವೆ, ಶುದ್ಧೀಕರಿಸಿ ಪ್ರಕಟವೂ ಆಗಿವೆ. ದ್ವೀಪದ ಸಂಸ್ಕೃತಿ ಸಂಸ್ಥೆ ‘ಕಲ್ಚರ್ ವ್ಯಾನಿನ್’ ಪಾಠಗಳನ್ನು, ಆಡಿಯೊಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪದದ ಬೆನ್ನು ಹತ್ತುವವರಿಗೆ ಆರ್ಚಿಬಾಲ್ಡ್ ಕ್ರೆಗೀನ್ 19ನೇ ಶತಮಾನದಲ್ಲಿ ರಚಿಸಿದ ನಿಘಂಟು ಇಂದಿಗೂ ಬೇಕಾಗುತ್ತದೆ. ಪಂಡಿತ ಪರಂಪರೆಯಿಂದ ಬಂದವನಲ್ಲ ಆತ, ಕಲ್ಲುಕೆತ್ತನೆಯವನು. ಮೊದಲಕ್ಷರ ಬದಲಾದ ರೂಪಗಳನ್ನೂ ಅವುಗಳ ಅಕ್ಷರದಡಿಯಲ್ಲೇ ಪ್ರತ್ಯೇಕವಾಗಿ ಪಟ್ಟಿ ಮಾಡಿದ್ದಾನೆ. ಹಾಗಾಗಿ ‘ವೋದ’ದಂಥ ರೂಪ ಕಂಡು ದಾರಿ ತಪ್ಪಿದವರು ಮೊದಲು ಅವನ ನಿಘಂಟನ್ನೇ ತೆರೆಯುವುದು ಒಳ್ಳೆಯದು.